ಫೋರ್ಕಿಗಾಗಿ ಫ್ರೇಮ್ ಕೊಳ್ಳಹೊರಟಾಗ: ಒಂದು ಮೌಂಟನ್ ಬೈಕಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಮೈಸೂರಿನಲ್ಲಿ ನೆಲೆಸಿ, ರಜಾದಿನಗಳಲ್ಲಿ ಮಂಡ್ಯ ಜಿಲ್ಲೆಯ ನಾಲೆ ಏರಿಗಳಲ್ಲೂ ಗುಡ್ಡದ ದಾರಿಗಳಲ್ಲೂ ಸೈಕಲ್ ತುಳಿಯುವ ಸವಾರರೊಬ್ಬರ ಪ್ರಕರಣವಿದು. ಅವರ ಗುರುತು ಸಿಗದಂತೆ ವೃತ್ತಿಯನ್ನೂ ಬಡಾವಣೆಯನ್ನೂ ಬದಲಿಸಿದ್ದೇನೆ. ಸೈಕಲ್ಲಿನ ಕಂಪನಿಯ ಹೆಸರನ್ನೂ ಭಾಗಗಳನ್ನು ಮಾರಿದವರ, ಕೊಂಡವರ ವಿವರಗಳನ್ನೂ ಬಿಟ್ಟಿದ್ದೇನೆ. ಬರವಣಿಗೆಯ ಅನುಕೂಲಕ್ಕಾಗಿ ಅವರನ್ನು ಮೇಷ್ಟ್ರು ಎಂದು ಕರೆಯುತ್ತೇನೆ. ಅಳತೆಗಳಿಗೆ ಮಾತ್ರ ಕೈಹಾಕಿಲ್ಲ, ಏಕೆಂದರೆ ಇಲ್ಲಿಯ ನಿರ್ಧಾರಗಳೆಲ್ಲ ಕೊನೆಗೆ ಬಂದು ನಿಂತದ್ದು ಮಿಲಿಮೀಟರುಗಳ ಮೇಲೆಯೇ.

ಮೇಷ್ಟ್ರಿಗೆ ನಲವತ್ತು ದಾಟಿದೆ. ಎತ್ತರ 178 ಸೆಂ.ಮೀ., ತೂಕ 80 ಕಿಲೋ ಆಸುಪಾಸು. ಅವರಲ್ಲಿದ್ದದ್ದು ಕೆಲವು ವರ್ಷಗಳ ಹಿಂದೆ ಕೊಂಡ ಆರಂಭದ ದರ್ಜೆಯ, ಹಿಂಚಕ್ರಕ್ಕೆ ಸ್ಪ್ರಿಂಗಿಲ್ಲದ ಹಾರ್ಡ್‌ಟೇಲ್: ಅಲ್ಯೂಮಿನಿಯಂ ಫ್ರೇಮ್, 27.5 ಇಂಚಿನ ಚಕ್ರಗಳು, 80 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಫೋರ್ಕ್ (ಮುಂಚಕ್ರವನ್ನು ಹಿಡಿಯುವ ಕವಲು), ಕೇಬಲ್ಲಿನಿಂದ ಹಿಡಿಯುವ ಡಿಸ್ಕ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಗೇರು. ಕೊಳ್ಳುವಾಗ ಅಂಗಡಿಯಲ್ಲಿ ಲಾರ್ಜ್ ಅಳತೆಯ ಫ್ರೇಮ್ ಇರಲಿಲ್ಲವಾದ್ದರಿಂದ, ಸೀಟು ಏರಿಸಿಕೊಂಡರೆ ಸಾಕು ಎಂದು ಹೇಳಿ ಮೀಡಿಯಂ ಕೊಟ್ಟು ಕಳುಹಿಸಿದ್ದರು. ನಮ್ಮ ಕಡೆ ಬಹಳಷ್ಟು ಮಂದಿ ಮೊದಲ ಸೈಕಲ್ ಕೊಳ್ಳುವುದು ಹೀಗೆಯೇ: ಅಂಗಡಿಯಲ್ಲಿ ಯಾವುದಿದೆಯೋ ಅದೇ ನಮ್ಮ ಅಳತೆ.

ಮೊದಮೊದಲು ಊರೊಳಗೆ, ಕುಕ್ಕರಹಳ್ಳಿ ಕೆರೆಯ ಸುತ್ತಮುತ್ತ ತಿರುಗುತ್ತಿದ್ದವರು ಕ್ರಮೇಣ ಶ್ರೀರಂಗಪಟ್ಟಣ ದಾಟಿ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದರು. ಅಲ್ಲಿಂದ ಪಾಂಡವಪುರದ ಕುಂತಿಬೆಟ್ಟದ ಬುಡ, ತೊಣ್ಣೂರು ಕೆರೆ, ಕರಿಘಟ್ಟದ ಸುತ್ತಲಿನ ಕಲ್ಲುಮಣ್ಣಿನ ಹಾದಿಗಳು. ಈ ನೆಲದ ಸ್ವಭಾವ ತಿಳಿಯದೆ ಮುಂದಿನ ನಿರ್ಧಾರಗಳು ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಏರಿಯ ಕೆಮ್ಮಣ್ಣು ಪುಡಿಯಾಗಿ ಜಾರುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಟಯರಿಗೆ ಮೆತ್ತಿಕೊಂಡು ಫ್ರೇಮಿನ ಸಂದಿಯಲ್ಲಿ ತುರುಕಿಕೊಳ್ಳುತ್ತದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಗಾಲಿಜಾಡು ಒಣಗಿದರೆ ಕಾಂಕ್ರೀಟಿನಷ್ಟು ಗಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ ಮುಳ್ಳು: ದಾರಿಯಂಚಿನ ಜಾಲಿಮುಳ್ಳು ಒಂದು ಕಡೆ, ನೆಲಕ್ಕೆ ಹಬ್ಬಿದ ಬಳ್ಳಿಯಿಂದ ಉದುರುವ ನೆಗ್ಗಿಲು ಇನ್ನೊಂದು ಕಡೆ. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಅದರ ಒಂದಲ್ಲ ಒಂದು ಮೊನೆ ಮೇಲ್ಮುಖವಾಗಿಯೇ ಇರುತ್ತದೆ.

ಮೇಷ್ಟ್ರ ದೂರುಗಳು ನಾಲ್ಕು. ಇಳಿಜಾರಿನಲ್ಲಿ ಸೈಕಲ್ ತಲೆಕೆಳಗಾಗಿ ಎಸೆದುಬಿಡುವಂತೆ ಭಯವಾಗುತ್ತದೆ. ಅರ್ಧ ದಾರಿಗೆ ಅಂಗೈ ಜೋಮು ಹಿಡಿಯುತ್ತದೆ. ಪಂಕ್ಚರ್ ಆಗದೆ ಮನೆಗೆ ಬಂದ ದಿನವೇ ಅಪರೂಪ. ಏರಿನಲ್ಲಿ ಗೇರು ಸಾಲುವುದಿಲ್ಲ, ಕುಲುಕಾಟದಲ್ಲಿ ಚೈನು ಬೀಳುತ್ತದೆ. ಈ ನಾಲ್ಕಕ್ಕೂ ಅವರೇ ಕಂಡುಕೊಂಡಿದ್ದ ಪರಿಹಾರ ಎರಡು: ಸ್ಪ್ರಿಂಗಿನ ಬದಲು ಗಾಳಿಯ ಒತ್ತಡವಿರುವ ಒಳ್ಳೆಯ ಏರ್ ಫೋರ್ಕ್ ಮತ್ತು ಹನ್ನೆರಡು ಗೇರು.

ಕೊಂಡ ಫೋರ್ಕ್, ಕೂರದ ಫೋರ್ಕ್

ಬಿಡುವಿನಲ್ಲಿ ಸೈಕಲ್ ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸವಾದ್ದರಿಂದ ಪರಿಚಿತರು ಹೀಗೆ ಬರುವುದುಂಟು. ಮೇಷ್ಟ್ರು ಬಂದಾಗ ಅವರ ಕೈಯಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆ ಇತ್ತು. "ಫೋರ್ಕ್ ತಂದ್ಬಿಟ್ಟಿದೀನಿ ಸಾರ್, ಸ್ವಲ್ಪ ಹಾಕ್ಕೊಡಿ," ಎಂದರು. ಬೆಂಗಳೂರಿನ ಸವಾರರೊಬ್ಬರಿಂದ ಕೊಂಡ, ಬಳಸಿದ ಆದರೆ ಚೆನ್ನಾಗಿಯೇ ಇದ್ದ 120 ಮಿ.ಮೀ. ಏರ್ ಫೋರ್ಕ್ ಅದು. ಕಾಲುಗಳ ಮೇಲೆ ಗೀರಿರಲಿಲ್ಲ, ಗಾಳಿ ಹಿಡಿದು ನಿಲ್ಲುತ್ತಿತ್ತು, ಬೆಲೆಯೂ ನ್ಯಾಯವಾಗಿತ್ತು. ವಸ್ತುವಿನಲ್ಲಿ ದೋಷವಿರಲಿಲ್ಲ; ಅದು ಈ ಸೈಕಲ್ಲಿಗೆ ಸೇರಿದ್ದಾಗಿರಲಿಲ್ಲ, ಅಷ್ಟೆ.

ಫೋರ್ಕಿನ ಮೇಲ್ಭಾಗದಲ್ಲಿ ಫ್ರೇಮಿನೊಳಗೆ ಹೋಗುವ ಕೊಳವೆಗೆ ಸ್ಟೀರರ್ ಎನ್ನುತ್ತಾರೆ. ಮೇಷ್ಟ್ರ ಹಳೆಯ ಫೋರ್ಕಿನದು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ, 28.6 ಮಿ.ಮೀ., ಅಂದರೆ ಒಂದೂ ಅರೆಕಾಲು (1 1/8) ಇಂಚು. ಹೊಸದು ಟೇಪರ್ ಆದದ್ದು: ಮೇಲೆ ಅದೇ ದಪ್ಪ, ಬುಡದಲ್ಲಿ ಒಂದೂವರೆ ಇಂಚು. ಹಳೆಯ ಫೋರ್ಕ್ ಬಿಚ್ಚಿ, ಹೆಡ್‌ಸೆಟ್ಟಿನ (ಸ್ಟೀರರ್ ತಿರುಗುವ ಬೇರಿಂಗ್ ಜೋಡಿಯ) ಬಟ್ಟಲುಗಳನ್ನು ತಟ್ಟಿ ತೆಗೆದು ಫ್ರೇಮಿನ ಮುಂತುದಿಯ ಹೆಡ್ ಟ್ಯೂಬಿನೊಳಗೆ ವರ್ನಿಯರ್ ಇಟ್ಟು ನೋಡಿದರೆ ಒಳವ್ಯಾಸ 34 ಮಿ.ಮೀ. ಒಂದೂವರೆ ಇಂಚೆಂದರೆ 38 ಮಿ.ಮೀ. ದಾಟುತ್ತದೆ, ಬೇರಿಂಗಿಗೆ ಜಾಗ ಹಾಗಿರಲಿ, ಕೊಳವೆಯೇ ಒಳಗೆ ಹೋಗುವುದಿಲ್ಲ. ಹೆಡ್ ಟ್ಯೂಬಿನ ಒಳವ್ಯಾಸ 44 ಮಿ.ಮೀ. ಇದ್ದಿದ್ದರೆ ಕೆಳಗಡೆ ಹೊರಚಾಚಿದ ಬಟ್ಟಲು ಹಾಕಿ ಟೇಪರ್ ಫೋರ್ಕನ್ನು ಕೂರಿಸಬಹುದಿತ್ತು. ಟೇಪರ್ ಹೆಡ್ ಟ್ಯೂಬಿಗೆ ನೇರ ಸ್ಟೀರರಿನ ಫೋರ್ಕ್ ಹಾಕುವುದಕ್ಕೂ ಒಂದು ತಗ್ಗಿಸುವ ಉಂಗುರದಿಂದ ದಾರಿಯಿದೆ. 34 ಮಿ.ಮೀ. ಹೆಡ್ ಟ್ಯೂಬಿಗೆ ಟೇಪರ್ ಫೋರ್ಕ್ ಹಾಕುವ ದಾರಿ ಮಾತ್ರ ಯಾವುದೂ ಇಲ್ಲ.

ಒಂದು ವೇಳೆ ಕೂತಿದ್ದರೂ ನಾನು ಹಾಕುತ್ತಿರಲಿಲ್ಲ. 80 ಮಿ.ಮೀ. ಫೋರ್ಕಿಗಾಗಿ ರೂಪಿಸಿದ ಫ್ರೇಮಿಗೆ 120ರ ಫೋರ್ಕ್ ಹಾಕಿದರೆ ಮುಂಭಾಗ ಸುಮಾರು 40 ಮಿ.ಮೀ. ಏರುತ್ತದೆ; ಪ್ರತಿ 20 ಮಿ.ಮೀ.ಗೆ ಹೆಡ್ ಟ್ಯೂಬಿನ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, ಸೀಟೂ ಅದರೊಂದಿಗೆ ಹಿಂದೆ ಸರಿಯುತ್ತದೆ. ಉದ್ದವಾದ ಫೋರ್ಕ್ ಸನ್ನೆಗೋಲಿನಂತೆ ವರ್ತಿಸಿ ಹೆಡ್ ಟ್ಯೂಬಿನ ಬೆಸುಗೆಗಳ ಮೇಲೆ ಹೆಚ್ಚು ಒತ್ತಡ ಹಾಕುತ್ತದೆ. ಇದರ ಜೊತೆಗೆ ಹೊಸ ಫೋರ್ಕಿನ ಆಕ್ಸಲ್ 15 ಮಿ.ಮೀ. ದಪ್ಪ, 110 ಮಿ.ಮೀ. ಅಗಲದ ಬೂಸ್ಟ್ ಅಳತೆ. ಮೇಷ್ಟ್ರ ಮುಂಚಕ್ರದ್ದು 9 ಮಿ.ಮೀ.ನ ಕ್ವಿಕ್ ರಿಲೀಸ್, 100 ಮಿ.ಮೀ. ಅಗಲ. ಫೋರ್ಕ್ ಕೂತಿದ್ದರೂ ಮುಂಚಕ್ರ ಹೊಸದೇ ಬೇಕಾಗುತ್ತಿತ್ತು.

ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಒಪ್ಪಬೇಕಾದ ಕಾರಣವೂ ಇರಲಿಲ್ಲ. ಮೇಷ್ಟ್ರು ಒಂದೆರಡು ದಿನ ಯೋಚಿಸಿ ಫೋನ್ ಮಾಡಿ, ಹಾಗಿದ್ದರೆ ಈ ಫೋರ್ಕಿಗೆ ಒಪ್ಪುವ ಫ್ರೇಮನ್ನೇ ಹುಡುಕುತ್ತೇನೆ ಎಂದರು. ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಘಳಿಗೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ. ಲಾಳ ಸಿಕ್ಕಿತೆಂದು ಕುದುರೆ ಕೊಳ್ಳಹೊರಟ ಹಾಗೆ, ಇಲ್ಲಿಂದ ಮುಂದೆ ಸವಾರನ ದೂರುಗಳು ಮರೆತುಹೋಗಿ ಪೆಟ್ಟಿಗೆಯಲ್ಲಿರುವ ಫೋರ್ಕೇ ಎಲ್ಲವನ್ನೂ ತೀರ್ಮಾನಿಸತೊಡಗುತ್ತದೆ.

ಹಳೆಯ ಫ್ರೇಮಿನ ಮೇಲೆ ನಡೆಸಿದ ಪರೀಕ್ಷೆ

ಫ್ರೇಮ್ ಹುಡುಕುವುದನ್ನು ಸ್ವಲ್ಪ ಕಾಲ ಮುಂದೂಡಲು ಅವರನ್ನು ಒಪ್ಪಿಸಿದೆ. ನನ್ನ ವಾದ ಇಷ್ಟೆ: ನಾಲ್ಕು ದೂರುಗಳಲ್ಲಿ ಯಾವುದು ಫ್ರೇಮಿನದು, ಯಾವುದು ಬಿಡಿಭಾಗಗಳದ್ದು, ಯಾವುದು ಬರೀ ಗಾಳಿಯ ಒತ್ತಡದ್ದು ಎಂದು ಬೇರ್ಪಡಿಸದೆ ದುಡ್ಡು ಹಾಕಿದರೆ, ಹೊಸ ಸೈಕಲ್ಲಿನ ಮೇಲೂ ಹಳೆಯ ದೂರುಗಳೇ ಮುಂದುವರಿಯಬಹುದು. ಜೊತೆಗೆ ಒಂದು ಷರತ್ತು ಹಾಕಿಕೊಂಡೆವು. ಸೈಕಲ್ಲಿನ ಭಾಗಗಳಲ್ಲಿ ಕೆಲವು ಸವಾರನ ಹಿಂದೆ ಹೋಗುತ್ತವೆ, ಕೆಲವು ಫ್ರೇಮಿನ ಹಿಂದೆಯೇ ಉಳಿಯುತ್ತವೆ. ಪೆಡಲ್, ಸೀಟು, ಗ್ರಿಪ್, ಹ್ಯಾಂಡಲ್‌ಬಾರ್, ಬ್ರೇಕ್ ಮೊದಲ ಗುಂಪಿನವು. ಫೋರ್ಕ್, ಚಕ್ರಗಳು, ಸೀಟಿನ ಕಂಬ, ಮುಂದಿನ ಗೇರಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎರಡನೆಯ ಗುಂಪಿನವು. ಹಳೆಯ ಫ್ರೇಮ್ ಇರುವವರೆಗೆ ಮೊದಲ ಗುಂಪಿಗೆ ಮಾತ್ರ ಖರ್ಚು. ಎರಡನೆಯ ಗುಂಪಿನಲ್ಲಿ ಕೆಟ್ಟದ್ದನ್ನು ದುರಸ್ತಿ ಮಾಡಿಸಬಹುದೇ ಹೊರತು ಮೇಲ್ದರ್ಜೆಗೆ ಏರಿಸುವಂತಿಲ್ಲ.

ಮೊದಲು ಟಯರು. ಟಯರ್ ಸವೆದುಹೋಗುವ ವಸ್ತುವಾದ್ದರಿಂದ ಅದನ್ನು ಷರತ್ತಿನಿಂದ ಹೊರಗಿಟ್ಟೆವು. ಮೇಷ್ಟ್ರು 50 ಪಿಎಸ್‌ಐ ಗಾಳಿ ತುಂಬಿಸಿ ಓಡಿಸುತ್ತಿದ್ದರು. ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆಂಬ ಅವರ ಭಯ ಸುಳ್ಳಲ್ಲ. ಆದರೆ ಅಷ್ಟು ಒತ್ತಡದಲ್ಲಿ ಟಯರು ನೆಲವನ್ನು ಹಿಡಿಯುವ ಬದಲು ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ. 2.25 ಇಂಚಿನ, ಬದಿ ಗಟ್ಟಿಯಾದ ಟಯರು ಹಾಕಿ ಒತ್ತಡವನ್ನು ಮುಂದೆ 30, ಹಿಂದೆ 33ರ ಸುಮಾರಿಗೆ ಇಳಿಸಿದೆವು. ರಿಮ್ಮುಗಳು ಟ್ಯೂಬ್‌ಲೆಸ್‌ಗೆ ತಕ್ಕವಾಗಿರಲಿಲ್ಲ. ಟೇಪು ಸುತ್ತಿ ಹೇಗೋ ಮಾಡುವವರಿದ್ದಾರೆ, ಟಯರಿನ ಅಂಚನ್ನು ಹಿಡಿದಿಡುವ ಕಟ್ಟಿಲ್ಲದ ರಿಮ್ಮಿನಲ್ಲಿ ನಾನು ಅದಕ್ಕೆ ಹೋಗುವುದಿಲ್ಲ. ಕಾರಿನದರಂಥ ದಪ್ಪ ವಾಲ್ವಿನ ಟ್ಯೂಬುಗಳಾದ್ದರಿಂದ ವಾಲ್ವಿನ ಪಿನ್ನು ಬಿಚ್ಚಿ ಸೀಲೆಂಟ್ ದ್ರವವನ್ನು ಟ್ಯೂಬಿನೊಳಗೇ ಹಾಕಿದೆವು. ನೆಗ್ಗಿಲಿನ ಸಣ್ಣ ತೂತುಗಳನ್ನು ಅದು ಬಹುಮಟ್ಟಿಗೆ ಮುಚ್ಚಿತು. ಜಾಲಿಮುಳ್ಳು ಉದ್ದಕ್ಕೆ ಸೀಳಿದಾಗ ಮುಚ್ಚಲಿಲ್ಲ.

ಎರಡನೆಯದು ಬ್ರೇಕ್. ಇಲ್ಲಿ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾದ ತೊಡಕೊಂದು ಎದುರಾಯಿತು: ಬ್ರೇಕಿನ ಹಿಡಿಯೂ ಗೇರಿನ ಶಿಫ್ಟರೂ ಒಂದೇ ತುಂಡು. ಹೈಡ್ರಾಲಿಕ್ ಬ್ರೇಕ್ ಹಾಕಬೇಕಾದರೆ ಹಿಡಿ ತೆಗೆಯಬೇಕು, ತೆಗೆದರೆ ಶಿಫ್ಟರೂ ಹೋಗುತ್ತದೆ. ಹೇಗೂ ಹೋಗುತ್ತದಲ್ಲ, ಹನ್ನೆರಡು ಗೇರೇ ಹಾಕಿಬಿಡೋಣ ಎಂಬ ಮಾತು ಮತ್ತೆ ಬಂತು. ಹಿಂದಿನ ಚಕ್ರವನ್ನು ತಿರುಗಿಸಿ ತೋರಿಸಿದೆ. ಅದರಲ್ಲಿದ್ದದ್ದು ಹಬ್ಬಿನ (ಚಕ್ರದ ನಡುಗುಂಬದ) ಮೇಲೆ ತಿರುಪಿನಂತೆ ತಿರುಗಿಸಿ ಕೂರಿಸುವ ಏಳು ಹಲ್ಲುಚಕ್ರದ ಫ್ರೀವೀಲ್. ಈಗಿನ ಕ್ಯಾಸೆಟ್ಟುಗಳು (ಹಿಂದಿನ ಹಲ್ಲುಚಕ್ರಗಳ ಗುಚ್ಛಗಳು) ಕೂರಲು ಬೇಕಾದ ಫ್ರೀಹಬ್ ಅದರಲ್ಲಿ ಇಲ್ಲವೇ ಇಲ್ಲ. ಮುಂದಿನ ಹಲ್ಲುಚಕ್ರಗಳನ್ನೂ ಕ್ರ್ಯಾಂಕಿಗೆ (ಪೆಡಲ್ ಹಿಡಿದ ತೋಳಿಗೆ) ರಿವೆಟ್ ಹೊಡೆದು ಕೂರಿಸಿದ್ದರಿಂದ ಮೂರರ ಬದಲು ಒಂದು ಹಾಕಬೇಕಾದರೆ ಕ್ರ್ಯಾಂಕೂ ಹೊಸದು ಬೇಕು. ಹನ್ನೆರಡು ಗೇರೆಂದರೆ ಹಿಂಚಕ್ರ, ಕ್ರ್ಯಾಂಕ್, ಡಿರೇಲರ್, ಶಿಫ್ಟರ್, ಕ್ಯಾಸೆಟ್, ಚೈನು. ಅದರಲ್ಲಿ ಚಕ್ರ 135 ಮಿ.ಮೀ. ಅಗಲದ ಹಳೆಯ ಅಳತೆಗೆ ಸಿಕ್ಕಿಹಾಕಿಕೊಂಡು ಮುಂದಿನ ಯಾವ ಫ್ರೇಮಿಗೂ ಬರುವುದಿಲ್ಲ. ಕಡೆಗೆ ಏಳು ಗೇರಿಗೇ ಹೊಂದುವ, ಬೆಲೆ ಕಡಿಮೆಯ ಬಿಡಿ ಶಿಫ್ಟರುಗಳನ್ನು ಹಾಕಿ ಶಿಮಾನೋ ಕಂಪನಿಯ ಎಂಟಿ200 ಹೈಡ್ರಾಲಿಕ್ ಬ್ರೇಕ್ ಕೂರಿಸಿದ್ದಾಯಿತು.

ಚೈನು ಬೀಳುವುದಕ್ಕೆ ಮುಖ್ಯ ಕಾರಣ ಸವೆತ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು; ಹಾಗಾಗಿ 24 ಕೊಂಡಿಗಳಿಗೆ ಸರಿಯಾಗಿ 12 ಇಂಚಾಗಬೇಕು. ಉಕ್ಕಿನ ಸ್ಕೇಲಿನಲ್ಲಿ ಇದು ಇಂಚಿನ ಹದಿನಾರನೆಯ ಒಂದು ಭಾಗ ಮೀರಿದರೆ ಚೈನು ಬದಲಿಸುವ ಕಾಲ ಬಂದಿದೆ ಎಂದರ್ಥ. ಎಂಟನೆಯ ಒಂದು ಭಾಗ ಮೀರಿದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಮೇಷ್ಟ್ರದು ಎಂಟನೆಯ ಒಂದು ಭಾಗವನ್ನೂ ಮೀರಿತ್ತು. ಏಳರ ಫ್ರೀವೀಲ್ ಮತ್ತು ಚೈನು ಎರಡೂ ಸೇರಿ ಒಂದು ಹೊಸ ಟಯರಿನ ಬೆಲೆಗೂ ಕಡಿಮೆಯಲ್ಲಿ ಬಂದವು. ಇದು ದುರಸ್ತಿಯಾದ್ದರಿಂದ ಷರತ್ತೂ ಮುರಿಯಲಿಲ್ಲ.

ಕೆಲವು ತಿಂಗಳು ಹೀಗೆ ಓಡಿಸಿದ ಮೇಲೆ ಫಲ ಸ್ಪಷ್ಟವಾಯಿತು. ಪಂಕ್ಚರ್ ಅಪರೂಪವಾಯಿತು, ಚೈನು ಬೀಳುವುದು ಬಹುತೇಕ ನಿಂತಿತು. ಇಳಿಜಾರಿನ ಭಯ ಅರ್ಧಕ್ಕಿಳಿಯಿತು. ಒಂದೇ ಬೆರಳಿಗೆ ಹಿಡಿತ ಸಿಕ್ಕಿದ್ದರಿಂದ ಉಳಿದ ಬೆರಳುಗಳು ಹ್ಯಾಂಡಲ್ಲನ್ನು ಹಿಡಿದೇ ಇರುತ್ತಿದ್ದವು. ಅಂಗೈ ಜೋಮು ಮಾತ್ರ ಹಾಗೇ ಉಳಿಯಿತು. ಕಡಿದಾದ ಇಳಿಜಾರಿನಲ್ಲಿ ಮುಂದಕ್ಕೆ ಮಗುಚುವ ಭಾವವೂ ಪೂರ್ತಿ ಹೋಗಲಿಲ್ಲ. ಉಳಿದ ಈ ಎರಡೂ ದೂರುಗಳು ಒಂದೇ ಕಡೆ ಬೆರಳು ಮಾಡುತ್ತಿದ್ದವು.

ಫ್ರೇಮಿನ ಆಯ್ಕೆ

ಸವಾರ ಪೆಡಲ್ ಮೇಲೆ ಎದ್ದು ನಿಂತಾಗ ಅವನಿಗೆ ಸಿಗುವ ಜಾಗವನ್ನು ಹೇಳುವ ಅಳತೆ ರೀಚ್. ಕ್ರ್ಯಾಂಕಿನ ನಡುಬಿಂದುವಿನಿಂದ ನೇರ ಮೇಲಕ್ಕೆ ಎಳೆದ ಗೆರೆಗೂ ಹೆಡ್ ಟ್ಯೂಬಿನ ತುದಿಯ ನಡುಬಿಂದುವಿಗೂ ಇರುವ ಅಡ್ಡ ಅಂತರ ಅದು. ಇದನ್ನು ಅಳೆಯಲು ಯಂತ್ರವೇನೂ ಬೇಡ. ಸೈಕಲ್ಲನ್ನು ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ನಿಲ್ಲಿಸಿ, ಗಾರೆ ಕೆಲಸದವರ ತೂಗುಗುಂಡನ್ನು ಹೆಡ್ ಟ್ಯೂಬಿನ ತುದಿಯಿಂದ ಇಳಿಬಿಟ್ಟು ಅದು ನೆಲ ಮುಟ್ಟಿದ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು. ಕ್ರ್ಯಾಂಕಿನ ನಡುವಿನಿಂದಲೂ ಹಾಗೇ ಮಾಡಿ ಎರಡು ಗುರುತುಗಳ ನಡುವೆ ಟೇಪು ಹಿಡಿದರೆ ಆಯಿತು. ಮೇಷ್ಟ್ರ ಫ್ರೇಮಿನದು 395 ಮಿ.ಮೀ. ಬಂತು. ಸಾಲದ ಜಾಗವನ್ನು 90 ಮಿ.ಮೀ. ಉದ್ದದ ಸ್ಟೆಮ್ಮಿನಿಂದ (ಹ್ಯಾಂಡಲ್ಲನ್ನು ಸ್ಟೀರರಿಗೆ ಜೋಡಿಸುವ ತುಂಡಿನಿಂದ) ತುಂಬಿಸಿದ್ದರು. ಅದರಿಂದ ಕೈಗಳು ಮುಂಚಕ್ರದ ನೆತ್ತಿಯ ಮೇಲೆ ಹೋಗಿ ಕೂತಿದ್ದವು. ಕಾಲಿನ ಉದ್ದಕ್ಕಾಗಿ ಸೀಟಿನ ಕಂಬವನ್ನು, ಫ್ರೇಮಿನೊಳಗೆ ಉಳಿಯಲೇಬೇಕಾದ ಕನಿಷ್ಠ ಗುರುತಿನವರೆಗೆ ಎಳೆದಿದ್ದರಿಂದ ಹ್ಯಾಂಡಲ್ಲು ಸೀಟಿಗಿಂತ ಬಹಳ ಕೆಳಗುಳಿದು ಮೈಭಾರವೆಲ್ಲ ಅಂಗೈಗೆ ಬೀಳುತ್ತಿತ್ತು. ಎತ್ತರದ ಹ್ಯಾಂಡಲ್‌ಬಾರ್ ಹಾಕಿ ನೋಡಿದೆವು. ಸ್ವಲ್ಪ ಹಗುರವಾಯಿತೇ ಹೊರತು ಪರಿಹಾರವಾಗಲಿಲ್ಲ. ಫ್ರೇಮ್ ಬದಲಿಸಬೇಕೆಂಬ ಮಾತಿಗೆ ಈಗ ಕಾರಣ ಸಿಕ್ಕಿತ್ತು, ಮತ್ತು ಆ ಕಾರಣಕ್ಕೂ ಪೆಟ್ಟಿಗೆಯಲ್ಲಿದ್ದ ಫೋರ್ಕಿಗೂ ಸಂಬಂಧವಿರಲಿಲ್ಲ.

ಸಂಬಂಧವಿಲ್ಲದಿದ್ದರೂ ಫೋರ್ಕ್ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮೇಷ್ಟ್ರು ಬರೀ ಫ್ರೇಮ್ ಒಂದನ್ನು ಹುಡುಕಿ ತೆಗೆದಿದ್ದರು: ಟೇಪರ್ ಹೆಡ್ ಟ್ಯೂಬ್, ಹಿಂದೆ 148 ಮಿ.ಮೀ. ಬೂಸ್ಟ್ ಅಳತೆ, ಒಳ್ಳೆಯ ಬಣ್ಣ, ಮೀಡಿಯಂ. ಅದೇ ಮಾದರಿಯ ಲಾರ್ಜ್ ಕೂಡ ಬೇರೆ ಕಡೆ ಮಾರಾಟಕ್ಕಿತ್ತು. ಮೀಡಿಯಮ್ಮಿನ ರೀಚ್ 425, ಲಾರ್ಜಿನದು 450. ಹೀಗಿದ್ದೂ ಅವರು ಮೀಡಿಯಮ್ಮಿಗೆ ಅಂಟಿಕೊಂಡದ್ದೇಕೆಂದು ಕೇಳಿದಾಗ ಉತ್ತರ ಫೋರ್ಕಿನ ಸ್ಟೀರರಿನಲ್ಲಿ ಸಿಕ್ಕಿತು. ಹಿಂದಿನ ಮಾಲೀಕರು ತಮ್ಮ ಫ್ರೇಮಿಗೆ ತಕ್ಕಂತೆ ಅದನ್ನು ಕತ್ತರಿಸಿದ್ದರು. ಉಳಿದದ್ದು 165 ಮಿ.ಮೀ. ಹೆಡ್ ಟ್ಯೂಬಿನ ಉದ್ದ, ಹೆಡ್‌ಸೆಟ್ಟಿನ ದಪ್ಪ, ಸ್ಟೆಮ್ ಹಿಡಿಯುವ ಎತ್ತರ, ಈ ಮೂರನ್ನೂ ಕೂಡಿದರೆ ಬರುವುದು ಸ್ಟೀರರಿಗೆ ಬೇಕಾದ ಉದ್ದ. ಮೀಡಿಯಂ ಫ್ರೇಮಿನಲ್ಲಿ 105, 12, 40 ಸೇರಿ 157, ಅಂದರೆ ಕೂರುತ್ತದೆ. ಲಾರ್ಜಿನಲ್ಲಿ ಹೆಡ್ ಟ್ಯೂಬ್ 120 ಆದ್ದರಿಂದ ಮೊತ್ತ 172. ಏಳು ಮಿಲಿಮೀಟರ್ ಕಡಿಮೆ ಬೀಳುತ್ತದೆ. ಎತ್ತರ ಕಡಿಮೆಯ ಸ್ಟೆಮ್ ಹುಡುಕಿದರೆ ಒಂದಿಷ್ಟು ಉಳಿಯಬಹುದು, ಏಳೂ ಉಳಿಯುವ ಭರವಸೆಯಿಲ್ಲ; ಸ್ಟೀರರಿಗೆ ತುಂಡು ಸೇರಿಸುವುದಂತೂ ಯೋಚಿಸಲೂಬಾರದ ಕೆಲಸ.

ಕಾಗದದ ಮೇಲೆ ಈ ಲೆಕ್ಕವನ್ನು ಅವರೇ ಬರೆದುಕೊಂಡಿದ್ದರು, ಮತ್ತು ಮೀಡಿಯಂ ಫ್ರೇಮಿಗೆ ಸ್ವಲ್ಪ ಉದ್ದದ ಸ್ಟೆಮ್ ಹಾಕಿಕೊಂಡರೆ ಸಾಕಲ್ಲವೇ ಎಂದು ಕೇಳಿದರು. ಕೇಳಿದ ಮೇಲೆ ಅವರೇ ಸುಮ್ಮನಾದರು. ಸೀಟು ಏರಿಸಿಕೊಂಡರೆ ಸಾಕು ಎಂದು ಹಿಂದೊಮ್ಮೆ ಯಾರೋ ಹೇಳಿದ್ದ ಮಾತನ್ನೇ ಈಗ ತಮಗೆ ತಾವು ಹೇಳಿಕೊಳ್ಳುತ್ತಿರುವುದು ಅವರಿಗೆ ಹೊಳೆದಿತ್ತು. ಆ ವಾರವೇ ಫೋರ್ಕನ್ನು ಮಾರಾಟಕ್ಕಿಟ್ಟರು. ಕೊಟ್ಟ ಹಣದ ಮುಕ್ಕಾಲು ಪಾಲು ವಾಪಸು ಬಂತು. ಕಳೆದುಹೋದ ಕಾಲುಭಾಗ, ತಪ್ಪು ಅಳತೆಯ ಫ್ರೇಮನ್ನು ಇನ್ನೆಷ್ಟೋ ವರ್ಷ ಹೊತ್ತು ತಿರುಗುವುದರ ಮುಂದೆ ದೊಡ್ಡ ಮೊತ್ತವಲ್ಲ ಎಂಬುದು ನನ್ನ ಅಭಿಪ್ರಾಯ. ಅವರಿಗೆ ಮಾತ್ರ ಬೇಸರ ಹೋಗಲು ಸಮಯ ಹಿಡಿಯಿತು.

ಬರೀ ಲಾರ್ಜ್ ಫ್ರೇಮ್ ಕೊಳ್ಳುವುದೋ, ಇಡೀ ಸೈಕಲ್ ಕೊಳ್ಳುವುದೋ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ನಮ್ಮ ಮನೆಯ ಜಗಲಿಯ ಮೇಲೆ ಗೋಣಿತಾಟು ಹಾಸಿ ಹಳೆಯ ಸೈಕಲ್ಲನ್ನು ಪೂರ್ತಿ ಬಿಚ್ಚಿ ಎರಡು ರಾಶಿ ಮಾಡಿದೆವು. ಹೊಸ ಫ್ರೇಮಿಗೆ ಬರುವ ರಾಶಿಯಲ್ಲಿ ಬ್ರೇಕ್, ಹ್ಯಾಂಡಲ್‌ಬಾರ್, ಗ್ರಿಪ್, ಸೀಟು, ಪೆಡಲ್. ಬಾರದ ರಾಶಿಯಲ್ಲಿ ಉಳಿದದ್ದೆಲ್ಲವೂ. ಚಕ್ರಗಳು 27.5, ಅಂದರೆ ಟಯರ್ ಕೂರುವ ವ್ಯಾಸ 584 ಮಿ.ಮೀ.; ಹೊಸ ಫ್ರೇಮ್ 622 ಮಿ.ಮೀ.ನ 29 ಇಂಚಿನದು. ಅದು ಹೊಂದಿದರೂ ಆಕ್ಸಲ್ ಹೊಂದದು. ಸೀಟಿನ ಕಂಬ 27.2, ಬೇಕಾದದ್ದು 31.6. ಎರಡನೆಯ ರಾಶಿಯಲ್ಲಿದ್ದ ಒಂದೊಂದನ್ನೂ ಬಿಡಿಬಿಡಿಯಾಗಿ ಹೊಸದು ಕೊಂಡರೆ, ಅದೇ ದರ್ಜೆಯ ಹೊಸ ಸೈಕಲ್ಲಿಗಿಂತ ಹೆಚ್ಚು ದುಡ್ಡಾಗುತ್ತಿತ್ತು. ಬಿಡಿಭಾಗಗಳ ಚಿಲ್ಲರೆ ಬೆಲೆಗೂ ಸೈಕಲ್ ಕಂಪನಿ ಸಗಟಾಗಿ ಕೊಳ್ಳುವ ಬೆಲೆಗೂ ಇರುವ ಅಂತರವೇ ಇದಕ್ಕೆ ಕಾರಣ.

ಮೇಷ್ಟ್ರು ಆರಿಸಿದ್ದು ಮಧ್ಯದ ದಾರಿ. ಗೇರು ಮತ್ತು ಬ್ರೇಕುಗಳನ್ನು ಬೇರೆ ಸೈಕಲ್ಲಿಗೆ ತೆಗೆದಿಟ್ಟುಕೊಂಡು ಫ್ರೇಮ್, ಫೋರ್ಕ್, ಚಕ್ರಗಳನ್ನು ಒಟ್ಟಿಗೆ ಮಾರುತ್ತಿದ್ದವರೊಬ್ಬರು ಸಿಕ್ಕರು: ಲಾರ್ಜ್, 29 ಇಂಚು, ರೀಚ್ 450, ಹೆಡ್ ಟ್ಯೂಬಿನ ಕೋನ 67 ಡಿಗ್ರಿ, 120 ಮಿ.ಮೀ. ಏರ್ ಫೋರ್ಕ್, ಕ್ರ್ಯಾಂಕಿನ ಬೇರಿಂಗ್ ಕೂರುವ ಗೂಡು ತಿರುಪಿನದು. ಫ್ರೇಮ್, ಫೋರ್ಕ್, ಚಕ್ರ ಈ ಮೂರೂ ಆಕ್ಸಲ್, ಹೆಡ್‌ಸೆಟ್, ವ್ಯಾಸಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಅವನ್ನು ಒಂದೇ ವಸ್ತುವೆಂದು ಎಣಿಸಿ ಒಟ್ಟಿಗೆ ಕೊಳ್ಳುವುದು ಸುರಕ್ಷಿತ. ನೋಡಲು ಹೋದಾಗ ಹೆಡ್ ಟ್ಯೂಬಿನ ಕೆಳಬೆಸುಗೆ, ಸೀಟಿನ ಕಂಬ ಹಿಡಿಯುವ ಜಾಗ, ಕ್ರ್ಯಾಂಕಿನ ಹಿಂಬದಿಯ ಕೊಳವೆಗಳನ್ನು ಒದ್ದೆಬಟ್ಟೆಯಿಂದ ಒರೆಸಿ ಬಿರುಕು ಹುಡುಕಿದೆವು. ಬಣ್ಣದ ಗೀರು ಮೇಲ್ಮೈಯಲ್ಲೇ ನಿಲ್ಲುತ್ತದೆ. ಬಿರುಕು ಬೆಸುಗೆಯಂಚಿನಲ್ಲೇ ಕೂದಲೆಳೆಯಂತೆ ಹರಿಯುತ್ತದೆ. ಡಿರೇಲರ್ ತೂಗುವ ಹ್ಯಾಂಗರ್ ಸ್ವಲ್ಪ ಒಳಕ್ಕೆ ಬಾಗಿತ್ತು. ಬೆಲೆಯಲ್ಲಿ ಅದಕ್ಕಾಗಿ ಇಳಿಸಿಕೊಂಡು ಒಂದರ ಬದಲು ಎರಡು ಹ್ಯಾಂಗರ್ ತರಿಸಿದರು. ಇಂಥ ಫ್ರೇಮುಗಳಲ್ಲಿ ಮಾದರಿಗೊಂದು ಆಕಾರದ ಹ್ಯಾಂಗರ್ ಇರುತ್ತದೆ, ಮುರಿದ ದಿನ ಊರಿನ ಯಾವ ಅಂಗಡಿಯಲ್ಲೂ ಸಿಗುವ ಭರವಸೆಯಿಲ್ಲ.

ಜೋಡಣೆ ಮತ್ತು ನಂತರ

ಸವಾರನ ಹಿಂದೆ ಬರುವ ಭಾಗ ಎಂದುಕೊಂಡಿದ್ದ ಬ್ರೇಕೇ ಜೋಡಣೆಯಲ್ಲಿ ತಡೆಯೊಡ್ಡಿತು. ಹಳೆಯ ಸೈಕಲ್ಲಿಗೆ ಅದನ್ನು ಕೂರಿಸಿಕೊಟ್ಟ ಅಂಗಡಿಯವರು ಅಂದವಾಗಿ ಕಾಣಲೆಂದು ಹಿಂದಿನ ಬ್ರೇಕಿನ ಎಣ್ಣೆಕೊಳವೆಯನ್ನು ಚಿಕ್ಕ ಫ್ರೇಮಿನ ಅಳತೆಗೆ ಬಿಗಿಯಾಗಿ ಕತ್ತರಿಸಿದ್ದರು. ಉದ್ದದ ಫ್ರೇಮಿಗೂ ಅಗಲದ ಹ್ಯಾಂಡಲ್ಲಿಗೂ ಅದು ಸಾಲಲಿಲ್ಲ. ಹೊಸ ಕೊಳವೆ, ಅದರ ತುದಿಯ ಆಲಿವ್ ಮತ್ತು ಪಿನ್ನು, ಮಿನರಲ್ ಆಯಿಲ್ ತುಂಬಿ ಗಾಳಿ ತೆಗೆಯುವ ಕೆಲಸ ಎಲ್ಲ ಸೇರಿ ಒಂದಿಡೀ ಮಧ್ಯಾಹ್ನ ಹೋಯಿತು. ಫ್ರೇಮ್ ಬದಲಿಸುವ ಯೋಚನೆ ಇರುವವರು ಕೊಳವೆಯನ್ನು ಕತ್ತರಿಸಲು ಬಿಡಬಾರದು. ಒಂದು ಸುತ್ತು ಹೆಚ್ಚಿದ್ದರೆ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣದು, ಕೈಗೆ ತೊಂದರೆಯೇನಿಲ್ಲ. ಡಿಸ್ಕುಗಳದ್ದೂ ಸಣ್ಣ ತಕರಾರು: ಹಳೆಯವು ಆರು ಬೋಲ್ಟಿನವು, ಹೊಸ ಹಬ್ಬುಗಳು ಸೆಂಟರ್‌ಲಾಕ್, ಅಡಾಪ್ಟರ್ ಹಾಕಿ ಮುಗಿಸಿದೆವು.

ಗೇರಿನ ವಿಷಯಕ್ಕೆ ಬಂದಾಗ ಹನ್ನೆರಡರ ಆಸೆ ಇನ್ನೂ ಬಿಟ್ಟಿರಲಿಲ್ಲ. ಹೊಸ ಹಿಂಚಕ್ರದ ಫ್ರೀಹಬ್ ಶಿಮಾನೋದ ಹಳೆಯ ಎಚ್‌ಜಿ ಮಾದರಿಯದು. ಶಿಮಾನೋದ 10-51 ಹಲ್ಲಿನ ಹನ್ನೆರಡರ ಕ್ಯಾಸೆಟ್ಟಿಗೆ 2018ರಲ್ಲಿ ಬಂದ ಮೈಕ್ರೋ ಸ್ಪ್ಲೈನ್ ಫ್ರೀಹಬ್ ಬೇಕು. ಹತ್ತು ಹಲ್ಲಿನ ಪುಟ್ಟ ಚಕ್ರಕ್ಕೆ ಎಚ್‌ಜಿ ಮೇಲೆ ಜಾಗವಿಲ್ಲ. ಸ್ರಾಮ್‌ನ ಎನ್‌ಎಕ್ಸ್ ಈಗಲ್‌ನ 11-50 ಎಚ್‌ಜಿ ಮೇಲೆಯೇ ಕೂರುತ್ತದೆ, ಆದರೆ ಭಾರ ಹೆಚ್ಚು. ನಾವು ಗೇರಿನ ಸಂಖ್ಯೆ ಬಿಟ್ಟು, ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆಂದು ಲೆಕ್ಕ ಹಾಕಿದೆವು. ಹಳೆಯದರಲ್ಲಿ ಮುಂದೆ 24, ಹಿಂದೆ 28 ಹಲ್ಲು: ಸುತ್ತಿಗೆ ಸುಮಾರು 1.85 ಮೀಟರ್. ಶಿಮಾನೋದ ಡಿಯೋರ್ ಹತ್ತು ಗೇರಿನ 11-46 ಕ್ಯಾಸೆಟ್ಟಿಗೆ ಮುಂದೆ 32 ಹಾಕಿದರೆ, ಚಕ್ರ ದೊಡ್ಡದಾದರೂ, ಸುಮಾರು 1.6 ಮೀಟರ್, 30 ಹಾಕಿದರೆ 1.5. ಚಾಮುಂಡಿ ಬೆಟ್ಟದ ರಸ್ತೆಯನ್ನೂ ಮೇಲುಕೋಟೆಯ ಏರನ್ನೂ ಕೂತೇ ತುಳಿಯಲು ಅಷ್ಟು ಸಾಕು. ಹತ್ತರ ಚೈನು ಅಗ್ಗ, ಕ್ಯಾಸೆಟ್ಟೂ ಅಗ್ಗ. ಕೆಮ್ಮಣ್ಣಿನ ಪುಡಿ ಎರಡನ್ನೂ ಬೇಗ ತಿನ್ನುವ ಈ ಸೀಮೆಯಲ್ಲಿ ಅದು ಸಣ್ಣ ಲೆಕ್ಕವಲ್ಲ. ಮೇಷ್ಟ್ರು ಹತ್ತಕ್ಕೆ ಒಪ್ಪಿ, ಮುಂದೆ ಹಲ್ಲೊಂದು ದಪ್ಪ ಒಂದು ಸಣ್ಣ ಇರುವ 30ರ ಚಕ್ರ ಹಾಕಿಸಿದರು. ಡಿರೇಲರ್ ಕ್ಲಚ್ ಇರುವುದೇ ಆಗಬೇಕೆಂದು ನಾನು ಹಠ ಹಿಡಿದದ್ದು ನಿಜ; ಕುಲುಕಾಟದಲ್ಲಿ ಚೈನನ್ನು ಬಿಗಿಯಾಗಿಡುವುದು ಅದೇ.

ಈಗ ಸ್ಟೆಮ್ 50 ಮಿ.ಮೀ.ಗೆ ಇಳಿದಿದೆ, ಸೀಟಿಗೂ ಹ್ಯಾಂಡಲ್ಲಿಗೂ ಎತ್ತರದ ವ್ಯತ್ಯಾಸ ತೀರಾ ಕಡಿಮೆಯಾಗಿದೆ. ಇಳಿಜಾರಿನಲ್ಲಿ ಮಗುಚುವ ಭಯ ಹೋಗಿದೆ. ಜೋಮು ಬಹಳ ಕಡಿಮೆಯಾಗಿದೆ, ಆದರೆ ಉದ್ದದ ಸವಾರಿಯ ಕೊನೆಗೆ ಎಡಗೈಯಲ್ಲಿ ಇನ್ನೂ ಕಾಣಿಸಿಕೊಳ್ಳುತ್ತದೆ. ಅದನ್ನು ವೈದ್ಯರಿಗೆ ತೋರಿಸುವಂತೆ ಹೇಳಿದ್ದೇನೆ, ಎಲ್ಲವೂ ಸೈಕಲ್ಲಿನದೇ ಆಗಿರಬೇಕಿಲ್ಲ. ಎದುರು ನೋಡದ ನಷ್ಟವೂ ಒಂದಿದೆ: ಹಳೆಯ ಚಿಕ್ಕ ಸೈಕಲ್ ಊರೊಳಗಿನ ಕಿರಿದಾದ ತಿರುವುಗಳಲ್ಲಿ ಚುರುಕಾಗಿತ್ತು, ಇದು ನಿಧಾನಕ್ಕೆ ತಿರುಗುತ್ತದೆ. ಹಳೆಯದಕ್ಕೆ ಮೊದಲಿನ ಹಿಡಿಗಳನ್ನೇ ಮರಳಿ ಜೋಡಿಸಿ, ಎತ್ತರ ಕಡಿಮೆಯಿರುವ ಅಕ್ಕನ ಮಗನಿಗೆ ಕೊಟ್ಟಿದ್ದಾರೆ. ಮೀಡಿಯಂ ಅವನಿಗೆ ಸರಿಯಾಗಿ ಒಪ್ಪುತ್ತದೆ.

ಹೊಸ ರಿಮ್ಮುಗಳು ಟ್ಯೂಬ್‌ಲೆಸ್‌ಗೆ ತಕ್ಕವಾದ್ದರಿಂದ ಟ್ಯೂಬು ತೆಗೆದು ಒತ್ತಡವನ್ನು ಇನ್ನೂ ನಾಲ್ಕೈದು ಪಿಎಸ್‌ಐ ಇಳಿಸಲು ಸಾಧ್ಯವಾಯಿತು. ನಮ್ಮ ಬೇಸಿಗೆಯಲ್ಲಿ ಸೀಲೆಂಟ್ ಬೇಗ ಒಣಗಿ ರಬ್ಬರಿನ ಉಂಡೆಯಾಗಿ ಟಯರಿನೊಳಗೆ ಉರುಳುತ್ತದೆ. ಹಾಗಾಗಿ ಮಾರ್ಚ್ ಬಂದೊಡನೆ ವಾಲ್ವಿನ ಪಿನ್ನು ತೆಗೆದು, ತೆಳುವಾದ ಕಡ್ಡಿ ಇಳಿಸಿ ಒಳಗೆ ದ್ರವ ಎಷ್ಟಿದೆ ಎಂದು ನೋಡಿ, ಕಡ್ಡಿ ಒಣಗಿದ್ದೇ ಬಂದರೆ ಮರುತುಂಬಿಸುವುದನ್ನು ಅವರು ರೂಢಿ ಮಾಡಿಕೊಂಡಿದ್ದಾರೆ.